ಆರಿಸಿ ಎಸೆದ ಚುಕ್ಕಿಗಳು

ಅಕ್ಕೂರಿನ ನಮ್ಮ ಮನೆಯಲ್ಲಿ ರೇಷ್ಮೆಗೂಡನ್ನು ಬಿಡಿಸಿದ ಹಾಗೇ ಮಾರುಕಟ್ಟೆಗೆ ಕಳಿಸುವುದಿಲ್ಲ. ಕಲೆಯಾದದ್ದು, ತೆಳುವಾದದ್ದು ಎಲ್ಲವನ್ನೂ ಆರಿಸಿ ಎಸೆಯುತ್ತೇವೆ. ರಾಮನಗರದಲ್ಲಿ ಕೊಳ್ಳುವವನು ಕೈ ಹಾಕಿದಾಗ ಒಂದು ಕೆಟ್ಟದ್ದು ಸಿಕ್ಕರೂ ಇಡೀ ಲಾಟನ್ನೇ ಅನುಮಾನದಿಂದ ನೋಡುತ್ತಾನೆ. ಬುದ್ಧಿ ಬಂದಾಗಿನಿಂದ ನನ್ನ ಬೆರಳಿಗೂ ಅದೇ ರೂಢಿ.

ನಾನು ಚನ್ನಪಟ್ಟಣದಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಬಾಹ್ಯಾಕಾಶ ದೂರದರ್ಶಕವೊಂದು ಅಳೆದ ನಕ್ಷತ್ರಗಳ ಬೆಳಕಿನ ಮಾಹಿತಿ ಯಾರಿಗೆ ಬೇಕಾದರೂ ಸಿಗುತ್ತದೆ. ಅದನ್ನು ಜಾಲಾಡುವ ಹವ್ಯಾಸಿಗಳ ಗುಂಪಿನಲ್ಲಿದ್ದೇನೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದರೆ ಬೆಳಕು ಒಂದಿಷ್ಟು ಕುಗ್ಗುತ್ತದೆ. ಒಂದು ನಕ್ಷತ್ರದಲ್ಲಿ ಅಂಥ ಎರಡು ಕುಸಿತ ನನಗೆ ಸಿಕ್ಕಿದ್ದವು. ಆ ಭಾನುವಾರ ಬೆಳಗ್ಗೆ ಮೂರನೆಯದೂ ಸಿಕ್ಕಿತು, ನಾನು ಎಣಿಸಿದ್ದ ದಿನಕ್ಕೇ. ನಾಲ್ಕು ಗಂಟೆಗೆ ಗುಂಪಿನ ವಿಡಿಯೊ ಸಭೆಯಲ್ಲಿ ತೋರಿಸಬೇಕಿತ್ತು.

ಅಷ್ಟರಲ್ಲೇ ಅಪ್ಪ ಊರಿಗೆಲ್ಲ ಫೋನ್ ಮಾಡಿ ಮಗಳು ಹೊಸ ಗ್ರಹ ಕಂಡುಹಿಡಿದಳು ಎಂದು ಸಾರಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಬೈದೆ. ಒಳಗೊಳಗೆ ಹಿಗ್ಗಿದ್ದೂ ನಿಜ.

ಮೂರೂವರೆಗೆ ಅವ್ವ ಜಗಲಿಯಲ್ಲಿ ಗೂಡು ಆರಿಸುತ್ತ ಗೊಣಗಿದಳು. "ಇಷ್ಟೊಂದು ಕಳಪೆ ಯಾವತ್ತೂ ಬಂದಿರ್ನಿಲ್ಲ ಕಣೆ. ಎಲ್ಲಾ ಹುಳ ಸಾಕಿದ್ದ ಒಂದೇ ತಟ್ಟೇವು. ಚೆಲ್ಲಾಪಿಲ್ಲಿ ಬಂದಿದ್ರೆ ಬುಡು ಅನ್ಬೋದಿತ್ತು. ಅಲ್ಲೇ ಏನೋ ಆಗೈತೆ."

ನಾನು ಲ್ಯಾಪ್‌ಟಾಪಿನತ್ತ ತಿರುಗಿದೆ. ಬೆಳಕಿನ ಅಳತೆಗಳ ಗ್ರಾಫಿನಲ್ಲಿ, ಆ ಮೂರು ಕುಸಿತ ಬಿಟ್ಟು, ಸಾಲು ತಪ್ಪಿ ಕೆಳಗಿಳಿದಿದ್ದ ಚುಕ್ಕಿಗಳನ್ನು ನಾನೂ ಕೆಟ್ಟ ಗೂಡಿನಂತೆ ಆರಿಸಿ ಎಸೆದಿದ್ದೆ. ಅವು ಎಲ್ಲಿಂದ ಬಂದವೆಂದು ನೋಡಿಯೇ ಇರಲಿಲ್ಲ.

ಎಲ್ಲವನ್ನೂ ವಾಪಸು ತಂದು ಸೇರಿಸಿದೆ. ಎಸೆದ ಚುಕ್ಕಿಗಳು ಚದುರಿರಲಿಲ್ಲ. ಪ್ರತಿ ಎರಡು ಕುಸಿತದ ನಟ್ಟನಡುವೆ ಇನ್ನೊಂದು ಸಣ್ಣ ಕುಸಿತವಾಗಿ ಕೂತಿದ್ದವು. ಒಂದನ್ನೊಂದು ಸುತ್ತುತ್ತ ಸರದಿಯಲ್ಲಿ ಮರೆಮಾಡುವ ಎರಡು ನಕ್ಷತ್ರಗಳ ಗುರುತು ಅದು. ನನ್ನ ಗ್ರಹ ಇರಲೇ ಇಲ್ಲ.

ಹತ್ತು ನಿಮಿಷ ಉಳಿದಿತ್ತು. ಸೋಸಿದ ಗ್ರಾಫ್ ಇನ್ನೂ ಅಲ್ಲೇ ಇತ್ತು, ಚೊಕ್ಕವಾಗಿ. ಇವತ್ತು ಯಾರೂ ಕೇಳುವುದಿಲ್ಲ ಅನ್ನಿಸಿತು. ಅದನ್ನೇ ತೋರಿಸಲು ಬೆರಳು ಹೋಗಿತ್ತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಭೆ ಶುರುವಾಯಿತು. ಇಡೀ ಗ್ರಾಫ್ ತೆರೆದು, "ಇದು ಗ್ರಹವಲ್ಲ. ಚುಕ್ಕಿಗಳನ್ನು ತೆಗೆದು ನಾನೇ ಹಾಗೆ ಕಾಣುವಂತೆ ಮಾಡಿದ್ದೆ" ಎಂದೆ. ಗುಂಪನ್ನು ನಡೆಸುವಾಕೆ ಸುಮ್ಮನೆ ತಲೆಯಾಡಿಸಿ ಮುಂದಿನ ನಕ್ಷತ್ರಕ್ಕೆ ಹೋದರು.

ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

"ಅವರು ತಪ್ಪು ಹಿಡಿದ್ರಾ, ನೀನೇ ಯೋಳ್ದ್ಯಾ?"

"ನಾನೇ ಹೇಳ್ದೆ."

ಅಪ್ಪ ಫೋನ್ ತೆಗೆದು ರಾಮನಗರದಲ್ಲಿ ನೂಲು ತೆಗೆಯುವ ತನ್ನ ಗೆಳೆಯನಿಗೆ ಮಾಡಿದ. "ಭಾಯ್, ಬೆಳಗ್ಗೆ ನಾನು ಯೋಳಿದ್ದು ಸುಳ್ಳು. ಗ್ರಹ ಅಲ್ವಂತೆ. ತಪ್ಪಾಗೈತೆ ಅಂತ ಮಗಳೇ ಒಪ್ಕೊಂಡವ್ಳೆ." ಅದನ್ನಿಟ್ಟು ಇನ್ನೊಬ್ಬರಿಗೆ ಮಾಡಿದ. ಬೆಳಗ್ಗೆ ಹೇಳಿದ್ದ ಒಬ್ಬೊಬ್ಬರಿಗೂ ಮಾಡಿ, ಅದೇ ಮಾತನ್ನು ತಗ್ಗದ ದನಿಯಲ್ಲಿ ಹೇಳಿದ. ಸಭೆಯಲ್ಲಿ ಗಟ್ಟಿಯಾಗಿದ್ದವಳು ಆಗ ಅತ್ತುಬಿಟ್ಟೆ.