ಮುಕ್ಕಾಲಿಂಚು ಚಿಕ್ಕಮ್ಮನ ಇ-ಪುಸ್ತಕ

ನನ್ನ ಚಿಕ್ಕಮ್ಮನಿಗೆ ಮುಕ್ಕಾಲಿಂಚು ಎಂಬ ಅಡ್ಡಹೆಸರು ಬಿದ್ದದ್ದು ಅವಳ ಅಂಗಡಿಯಲ್ಲೇ. ಟೇಪು ಹಿಡಿದು ಅಳತೆ ತೆಗೆದು ಬರೆದುಕೊಳ್ಳುವಾಗ ಪ್ರತಿ ಸಲವೂ ಮುಕ್ಕಾಲು ಇಂಚು ಸೇರಿಸುತ್ತಿದ್ದಳು. ಯಾಕೆಂದು ಕೇಳಿದರೆ, "ಒಳಗಿರೋ ಮನುಷ್ಯ ಉಸಿರಾಡ್ಬೇಕಲ್ಲಪ್ಪ" ಎನ್ನುತ್ತಿದ್ದಳು. ಆಸ್ಪತ್ರೆಯ ಹಿಂಬಾಗಿಲಿನ ಎದುರು, ಔಷಧಿ ಅಂಗಡಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ, ಎರಡು ಮಿಷನ್ನು ಹಿಡಿಸುವಷ್ಟೇ ಜಾಗ. ಮೂವತ್ತೆಂಟು ವರ್ಷ ಅಲ್ಲಿ ಕೂತು ಹೊಲಿದಳು. ಮದುವೆಯ ಮಾತೆತ್ತಿದವರಿಗೆ, "ಬಂದವ್ರ ಅಳತೆ ನಂಗೆ ಸರಿಹೋಗ್ಲಿಲ್ಲ, ಆಲ್ಟ್ರೇಷನ್‌ಗೆ ಅವ್ರು ಒಪ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಂಗಡಿ ಹಾಕಿದ ಹೊಸದರಲ್ಲಿ, ಅಪಘಾತದಲ್ಲಿ ಒಂದು ತೋಳು ಕಳೆದುಕೊಂಡ ಲಾರಿ ಡ್ರೈವರ್ ಒಬ್ಬ ಬಂದನಂತೆ. ಅಂಗಿಯ ಖಾಲಿ ತೋಳನ್ನು ಮಡಚಿ ಹೊಲಿಯಬೇಕಿತ್ತು. ಹೊಲಿದು ಕೊಟ್ಟಳು. ಅವನು ಅಂಗಿ ಹಿಡಿದುಕೊಂಡು ನಿಂತೇ ಇದ್ದ. "ತೋಳು ಮುಚ್ಚಿದ್ರಿ ಅಕ್ಕ, ಸರಿ. ಗುಂಡಿ ಯಾರು ಹಾಕ್ತಾರೆ? ದಿನಾ ಬೆಳಿಗ್ಗೆ ಹೆಂಡ್ತಿ ಮುಂದೆ ಸ್ಕೂಲ್ ಮಗು ಥರ ನಿಂತ್ಕೋಬೇಕು" ಅಂದ. ಚಿಕ್ಕಮ್ಮ ಅಂಗಿಯನ್ನು ವಾಪಸ್ ಕಸಿದುಕೊಂಡಳು. ಒಂದು ವಾರ ಬಿಟ್ಟು ಕೊಟ್ಟಾಗ ಅದರಲ್ಲಿ ಗುಂಡಿಯೇ ಇರಲಿಲ್ಲ. ಒಂದೇ ಕೈಯಲ್ಲಿ ಎಳೆದು ಸಿಕ್ಕಿಸುವ ಕೊಕ್ಕೆಗಳಿದ್ದವು. ಆಮೇಲೆ ಆಸ್ಪತ್ರೆಯವರೇ ರೋಗಿಗಳನ್ನು ಅವಳ ಬಳಿಗೆ ಅಟ್ಟತೊಡಗಿದರು. ಭುಜದಲ್ಲಿ ತೆರೆದುಕೊಳ್ಳುವ ಅಂಗಿ, ಗಾಲಿಕುರ್ಚಿಯಲ್ಲಿ ಕೂತೇ ತೊಡುವ ಪ್ಯಾಂಟು, ಗುಂಡಿಯ ಬದಲು ಅಯಸ್ಕಾಂತ. ಎಲ್ಲದರ ಕಟಿಂಗ್ ನಕ್ಷೆಯನ್ನೂ ಗೀಚಿ ಗೀಚಿ ಹನ್ನೊಂದು ನೋಟ್‌ಬುಕ್ಕುಗಳಾದವು.

ಎರಡು ವರ್ಷದ ಹಿಂದೆ ಅವಳ ಬಲಗೈ ನಡುಗತೊಡಗಿತು. ವಾಸಿಯಾಗುವುದಿಲ್ಲ, ಮಾತ್ರೆಯಿಂದ ನಿಧಾನವಾಗಬಹುದು ಅಷ್ಟೆ ಎಂದರು ಡಾಕ್ಟರು. ಅಂಗಡಿ ಮುಚ್ಚಿ, ಒಂದು ಮಿಷನ್ನಿನ ಜೊತೆ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಒಂದೂವರೆ ಗಂಟೆ ಕೈ ಸುಮ್ಮನಿರುತ್ತಿತ್ತು. ಆ ಒಂದೂವರೆ ಗಂಟೆಯಲ್ಲೇ ದಿನಕ್ಕೊಂದು ಹಾಳೆಯಂತೆ ಹನ್ನೊಂದು ನೋಟ್‌ಬುಕ್ಕುಗಳಿಂದ ಮುಖ್ಯವಾದವನ್ನು ಆಯ್ದು ಶುದ್ಧವಾಗಿ ಮತ್ತೆ ಬಿಡಿಸಿದಳು. ನಾನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಜೋಡಿಸಿದೆ. ಎಪ್ಪತ್ತೆರಡು ಪುಟದ ಇ-ಪುಸ್ತಕವಾಯಿತು. ಪುಟಗಳನ್ನು ಪ್ರಿಂಟ್ ತೆಗೆದು ಅಂಟಿಸಿದರೆ ಪೂರ್ತಿ ಅಳತೆಯ ನಕ್ಷೆ, ಬಟ್ಟೆಯ ಮೇಲಿಟ್ಟು ಕತ್ತರಿಸಬಹುದು.

"ಕೈ ಪೂರ್ತಿ ಕೈ ಕೊಡೋಕೆ ಮುಂಚೆ ಇದು ನಾಕು ಜನಕ್ಕೆ ಮುಟ್ಬೇಕು ಕಣೆ" ಅಂದಳು. "ಮುಟ್ಟಿದ್ರೂ ಸಾಲ್ದು. ನಾನು ಪಕ್ಕದಲ್ಲಿ ಇಲ್ದೇನೇ ಅವ್ರು ಹೊಲೀಬೇಕು. ಎಡವಟ್ಟಾದ್ರೆ ಸರಿ ಮಾಡೋಕೆ ನಾನಿನ್ನು ಇರಲ್ಲ."

ಪುಸ್ತಕ ಮಾರುವ ವೆಬ್ ಪುಟ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಮಗಳಿಗೆ ಎಂಟು ತಿಂಗಳು. ಅವಳು ಕೆಮ್ಮಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು, ಕೆಮ್ಮದಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಡುತ್ತಿದ್ದೆ. ಮಗುವನ್ನು ಚಿಕ್ಕಮ್ಮನ ಕೈಗೆ ಕೊಡುತ್ತಿರಲಿಲ್ಲ. ಕೊಡುವುದಿಲ್ಲ ಎಂದು ಹೇಳುತ್ತಲೂ ಇರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಆ ತಪ್ಪಿತಸ್ಥ ಭಾವನೆಗೋ ಏನೋ, ಪುಟಕ್ಕೆ ಜೀವ ತೇಯ್ದೆ. ಹತ್ತು ವಿಡಿಯೋ ನೋಡಿ, ಅವರು ಹೇಳಿದ್ದನ್ನೆಲ್ಲ ತುಂಬಿದೆ. "ಹೊಲಿಗೆಯ ರಹಸ್ಯಗಳು ಇನ್ನು ನಿಮ್ಮ ಬೆರಳ ತುದಿಯಲ್ಲಿ!" ಎಂಬ ತಲೆಬರಹ, ಹಲ್ಲು ಕಿರಿಯುವ ಯಾವಳೋ ಒಬ್ಬಳ ಫೋಟೊ, ಇನ್ನೆಷ್ಟು ಗಂಟೆ ಈ ಬೆಲೆ ಎಂದು ಓಡುವ ಗಡಿಯಾರ, ಕೆಳಗೆ ಕೆಂಪು ಬಟನ್.

ಐದು ದಿನದಲ್ಲಿ ಮುನ್ನೂರ ಹನ್ನೆರಡು ಜನ ಬಂದು ನೋಡಿ ಹೋದರು. ಒಬ್ಬರೂ ಕೊಳ್ಳಲಿಲ್ಲ. ಮಗುವಿಗೆ ಹಾಲೂಡಿಸುವಾಗಲೂ ಕಣ್ಣು ಫೋನಿನಲ್ಲೇ. "ಹಾಲು ಕುಡಿಸ್ತಿದೀಯೋ, ಷೇರು ಮಾರ್ಕೆಟ್ ನಡೆಸ್ತಿದೀಯೋ?" ಎಂದರು ನನ್ನ ಗಂಡ. ನನಗೆ ಅಳು ಬಂತು. ಅವರು ಪಾಪ, ಮಗುವಿನ ಬಟ್ಟೆ ಮಡಚಲು ಕೂತರು.

ಆರನೆಯ ದಿನ ಚಿಕ್ಕಮ್ಮ ಕೇಳಿದಳು. "ಅದೇನ್ ಬರ್ದಿದೀಯೋ ಓದು."

ಓದಿದೆ. ಬಟನ್ನಿನ ಮೇಲಿನ ಅಕ್ಷರವನ್ನೂ ಬಿಡದೆ ಓದಿದೆ: "ಈಗಲೇ ಕೊಳ್ಳಿ."

"ಯಾರಿಗೆ ಕೊಳ್ಳಿ ಇಡೋಕೆ ಹೊರಟಿದೀಯೆ?"

"ಚಿಕ್ಕಮ್ಮಾ! ತಗೊಳ್ಳಿ ಅಂತ."

"ಹಾಗಾದ್ರೆ ತಗೊಳ್ಳಿ ಅಂತ ಬರಿ. ಆಸ್ಪತ್ರೆಯಿಂದ ಬಂದವ್ರು ಓದೋದು." ಆಮೇಲೆ, "ಇದನ್ನ ಯಾರ ಅಳತೆಗೆ ಹೊಲ್ದೆ?" ಎಂದಳು.

"ಎಲ್ಲರಿಗೂ ಆಗೋ ಹಾಗೆ."

"ಅದಕ್ಕೇ ಯಾರ ಮೈಗೂ ಕೂತಿಲ್ಲ. ಗೋಣಿಚೀಲ ಆಗಿದೆ. ಒಬ್ಬರನ್ನ ಎದುರಿಗೆ ನಿಲ್ಲಿಸ್ಕೊಂಡು ಬರಿ. ಆ ಡ್ರೈವರ್‌ನ ನಿಲ್ಲಿಸ್ಕೊ. ಬೇಡ, ಅವನ ಹೆಂಡ್ತೀನ ನಿಲ್ಲಿಸ್ಕೊ. ಹೊಲಿಯೋಳು ಅವಳು."

ಗಡಿಯಾರ ತೆಗೆದೆ, ಹಲ್ಲಿನವಳನ್ನು ತೆಗೆದೆ. ಚಿಕ್ಕಮ್ಮ ಹೊಲಿದ ಅಂಗಿಯೊಂದರ ಫೋಟೊ ಹಾಕಿದೆ. ಮೇಲೆ ಒಂದೇ ಸಾಲು: "ಒಂದು ಕೈ ಗಟ್ಟಿಯಿದ್ದರೆ ಸಾಕು, ನಿಮ್ಮ ಮನೆಯವರು ತಮ್ಮ ಅಂಗಿ ತಾವೇ ತೊಡಬಹುದು." ಕೆಳಗೆ ಡ್ರೈವರ್ ಆಡಿದ ಮಾತು, ಮಾದರಿಗೆ ಎರಡು ಪುಟ, ಒಂದು ಬಟನ್. ಅಷ್ಟೇ.

ಮೂರನೆಯ ದಿನ ಒಬ್ಬರು ಕೊಂಡರು. ಶಾಲೆಯೊಂದರ ಟೀಚರು, ಲಕ್ವ ಹೊಡೆದ ತಂದೆಗೆ ಅಂಗಿ ಹೊಲಿಯಬೇಕೆಂದು ಬರೆದಿದ್ದರು. ಚಿಕ್ಕಮ್ಮ ಆ ಸಂದೇಶವನ್ನು ನನ್ನಿಂದ ನಾಲ್ಕು ಸಲ ಓದಿಸಿದಳು.

ವಾರ ಕಳೆದ ಮೇಲೆ ಟೀಚರ್ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿದೆ.

"ನೀವು ಹೇಳಿದ ಹಾಗೇ ಕತ್ತರಿಸ್ದೆ ಅಮ್ಮ. ಅಪ್ಪಂದೇ ಒಳ್ಳೆ ಬಟ್ಟೆ, ರಿಟೈರ್ ಆದಾಗ ಕೊಟ್ಟಿದ್ದು. ತೋಳೇ ಹೋಗ್ಲಿಲ್ಲ. ಎಳೆದ್ರೆ ನೋವು ಅಂತ ಕೂಗ್ಕೊಂಡ್ರು." ಜಗಳದ ದನಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕ್ಷಮೆ ಕೇಳುವವರಂತೆ ಮಾತಾಡುತ್ತಿದ್ದರು. "ನಂದೇ ಏನೋ ತಪ್ಪಿರ್ಬೇಕು."

ಚಿಕ್ಕಮ್ಮ ಫೋನಿನತ್ತ ಬಗ್ಗಿದಳು. ಮೂವತ್ತೆಂಟು ವರ್ಷದಲ್ಲಿ ಅವಳು ಒಬ್ಬರ ಬಟ್ಟೆಯನ್ನೂ ಹಾಳು ಮಾಡಿದವಳಲ್ಲ. "ಕಾಗದದ ಮೇಲೆ ಎದೆ ಅಳತೆ ಎಷ್ಟಿದೆ, ಟೇಪ್ ಇಟ್ಟು ನೋಡಿ ತಾಯಿ" ಅಂದಳು. ನಲವತ್ತಿರಬೇಕಾದದ್ದು ಮೂವತ್ತೇಳೂವರೆ ಚಿಲ್ಲರೆ ಇತ್ತು.

ತಪ್ಪು ನನ್ನದು. ಪ್ರಿಂಟು ತೆಗೆಯುವಾಗ ಹಾಳೆಗೆ ಹೊಂದಿಸುವ ಆಯ್ಕೆ ತಾನಾಗಿಯೇ ಒತ್ತಿರುತ್ತದೆ; ಅದು ಚಿತ್ರವನ್ನು ನೂರಕ್ಕೆ ಆರು ಪಾಲು ಕುಗ್ಗಿಸಿತ್ತು. ಪರೀಕ್ಷೆಗೆ ಒಂದು ಗುರುತು ಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮಗುವಿಗೆ ಔಷಧಿ ಹಾಕುವಾಗ ಹನಿಯನ್ನು ಮೂರು ಸಲ ಎಣಿಸುವ ನಾನು, ಎಪ್ಪತ್ತೆರಡು ಪುಟಗಳಲ್ಲಿ ಒಂದನ್ನಾದರೂ ಪ್ರಿಂಟ್ ತೆಗೆದು ಟೇಪು ಇಟ್ಟು ನೋಡಲಿಲ್ಲ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಅವ್ರ ದುಡ್ಡು ವಾಪಸ್ ಕೊಡು. ಬಟ್ಟೆ ನಾನು ಕಳಿಸ್ತೀನಿ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕೈ ಸುಮ್ಮನಿದ್ದ ಹೊತ್ತಿನಲ್ಲಿ ಎರಡಿಂಚಿನ ಚೌಕ ಒಂದನ್ನು ಬಿಡಿಸಿಕೊಟ್ಟಳು. ಪ್ರತಿ ಪುಟಕ್ಕೂ ಅದನ್ನು ಸೇರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. "ಮಾರೋ ಪುಟದಲ್ಲೂ ಹಾಕು. ಬಟನ್ನಿಗಿಂತ ಮೇಲೆ. ಈ ಚೌಕ ಎರಡಿಂಚು ಬರದೆ ಇದ್ರೆ ಕತ್ತರಿ ಮುಟ್ಬೇಡಿ ಅಂತ ಬರಿ."

"ಬಂದವ್ರನ್ನ ಬಾಗಿಲಲ್ಲೇ ಹೆದರಿಸಿದ್ರೆ ಓಡಿ ಹೋಗ್ತಾರೆ ಚಿಕ್ಕಮ್ಮ."

"ಓಡ್ಲಿ ಬಿಡು. ಬಟ್ಟೆಯಾದ್ರೂ ಉಳಿಯತ್ತೆ."

ಟೀಚರ್ ಮತ್ತೆ ಪ್ರಿಂಟು ತೆಗೆದರು. ಚೌಕ ಸರಿಯಾಗಿ ಎರಡಿಂಚು ಬಂದಿತ್ತು. ಆದರೂ ಚಿಕ್ಕಮ್ಮ ಅವರಿಗೆ, ಇನ್ನೂ ಕತ್ತರಿ ಹಾಕಬೇಡಿ, ಮೊದಲು ನಮ್ಮನೆಯಲ್ಲೇ ಹೊಲಿದು ನೋಡುತ್ತೇವೆ ಅಂದಳು. ಹೊಲಿಯಬೇಕಾದವಳು ನಾನು.

"ನಂಗೆ ನೆಟ್ಟಗೆ ದಾರ ಪೋಣಿಸೋಕೂ ಬರಲ್ಲ!"

"ಅದಕ್ಕೇ ನೀನೇ ಬೇಕು. ನಿನ್ನಂಥ ದಡ್ಡಿಗೆ ಬಂದ್ರೆ ಲೋಕಕ್ಕೇ ಬರತ್ತೆ."

ಮಗು ಮಲಗಿದ ಮೂರು ಮಧ್ಯಾಹ್ನ ಹೊಲಿದೆ. ಅವಳು ಎದುರಿನ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಿರುತ್ತಿದ್ದಳು. ಬಾಯಿ ಬಿಡಬಾರದೆಂದು ಅವಳೇ ಮಾಡಿಕೊಂಡ ಕಟ್ಟಳೆ. ನಾನು ತೋಳನ್ನು ತಿರುಗುಮುರುಗಾಗಿ ಹೊಲಿದಾಗ ಅವಳ ಗಂಟಲಿನಿಂದ ಒಂದು ಸದ್ದು ಬಂತು, ಮಾತು ಬರಲಿಲ್ಲ. ನಾನೇ ಪುಸ್ತಕ ನೋಡಿ ಬಿಚ್ಚಿ ಸರಿ ಮಾಡಿದೆ. ಅವಳದೇ ಅಳತೆಯ ಅಂಗಿ. ಎಡಬದಿ ಜಗ್ಗಿತ್ತು, ಆದರೂ ಅಂಗಿ ಎನ್ನುವ ಹಾಗಿತ್ತು.

"ಕೊಡು, ಹಾಕ್ಕೊಂಡು ನೋಡ್ತೀನಿ. ನೀನು ಮುಟ್ಬಾರ್ದು."

ಬಲಗೈಯನ್ನು ಪಕ್ಕಕ್ಕೆ ಬಿಟ್ಟು ಎಡಗೈಯೊಂದರಲ್ಲೇ ತೊಟ್ಟಳು, ಪುಸ್ತಕದಲ್ಲಿ ಹೇಗೋ ಹಾಗೆ. ಭುಜ ಕೂತಿತು, ತೋಳು ಸಲೀಸಾಗಿ ಹೋಯಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಅಯಸ್ಕಾಂತದ ಮೊದಲ ಗುಂಡಿ ಕಚ್ಚಿತು. ಎರಡನೆಯದೂ ಕಚ್ಚಿತು. ಮೂರನೆಯದು ತನ್ನ ಜೋಡಿಯನ್ನು ಬಿಟ್ಟು ನಾಲ್ಕನೆಯದರ ಜೋಡಿಗೆ ಹೋಗಿ ಅಂಟಿತು. ಬಿಡಿಸಿದಳು, ಮತ್ತೆ ಅಲ್ಲಿಗೇ ಹಾರಿತು. ಅವಳ ಎಡಗೈ ನಡುಗುತ್ತಿತ್ತು. ಎಡಗೈ.

"ಯಾವಾಗಿಂದ ಚಿಕ್ಕಮ್ಮ?"

"ಎರಡು ತಿಂಗಳಾಯ್ತು." ಐದನೆಯ ಸಲ ಪ್ರಯತ್ನಿಸಿದಳು. ಆರನೆಯ ಸಲ. ನಾನು ಕೈ ಮುಂದೆ ಮಾಡಿದೆ. "ಮುಟ್ಬೇಡ ಅಂದ್ನಲ್ಲ!" ಎಂದು ಕಿರುಚಿದಳು. ಒಳಗೆ ಮಗು ಎಚ್ಚರವಾಗಿ ಅತ್ತಿತು. ಮೊದಲ ಬಾರಿಗೆ ನಾನು ತಕ್ಷಣ ಎದ್ದು ಓಡಲಿಲ್ಲ.

ಅಂಗಿಯ ಕೆಳಭಾಗ ತೆರೆದುಕೊಂಡಿರುವಂತೆಯೇ ಅವಳು ಕುರ್ಚಿಯಲ್ಲಿ ಕುಸಿದಳು. "ಪುಟದ ಮೇಲೆ ಏನಂತಿದೆ? ಒಂದು ಕೈ ಗಟ್ಟಿಯಿದ್ರೆ ಸಾಕು, ಅಲ್ವಾ? ಸುಳ್ಳಲ್ಲ. ಟೀಚರ್‌ಗೆ ಹೇಳು, ಕತ್ತರಿಸ್ಲಿ. ಅವ್ರಪ್ಪಂಗೆ ಆಗತ್ತೆ." ತೆರೆದಿದ್ದ ಅಂಗಿಯನ್ನು ಒಟ್ಟು ಹಿಡಿದು, "ನನ್ನಂಥವ್ರಿಗೆ ಹೇಗೆ ಹೊಲೀಬೇಕು ಅಂತ ನಂಗೆ ಗೊತ್ತಿಲ್ಲ ಕಣೆ. ಗಟ್ಟಿ ಕೈಯವಳು ಹೊಲೀತಿದ್ದೆ, ಗೊತ್ತಾಗ್ಲಿಲ್ಲ" ಎಂದಳು.

ಲ್ಯಾಪ್‌ಟಾಪ್ ತರಿಸಿ ಒಂದು ಸಾಲು ಹೇಳಿದಳು. ಬಟನ್ನಿನ ಮೇಲೆ ಸೇರಿಸಿದೆ: "ಕ್ಷಮಿಸಿ, ಎರಡೂ ಕೈ ನಡುಗುವವರಿಗೆ ಈ ಪುಸ್ತಕದಲ್ಲಿ ಇನ್ನೂ ಏನೂ ಇಲ್ಲ." ಓದಿಸಿ, "ಕ್ಷಮಿಸಿ ಅನ್ನೋದು ತೆಗಿ, ಅದು ನಿಂದು" ಅಂದಳು. ತೆಗೆದೆ.

ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅವಳು ಆ ಅಂಗಿಯಲ್ಲೇ ಇದ್ದಳು, ಬಗ್ಗಿ ಮೂರನೆಯ ಗುಂಡಿಯನ್ನು ದಿಟ್ಟಿಸುತ್ತ.

"ಪೆನ್ಸಿಲ್ ತಗೊ" ಅಂದಳು. "ನಂಗೆ ಬಿಡಿಸೋಕಾಗಲ್ಲ. ಮೂರನೇದು ಬೇಡ. ಅಲ್ಲಿಂದ ಕೆಳಗೆ ಏನು ಮಾಡೋದು ಅಂತ ಇಬ್ರೂ ಯೋಚ್ನೆ ಮಾಡೋಣ."

ಮಗುವನ್ನು ಸೊಂಟಕ್ಕೆ ಒತ್ತಿಕೊಂಡೇ ಗೆರೆ ಎಳೆದೆ. ಸೊಟ್ಟ ಬಂತು.

"ಅಳಿಸು" ಅಂದಳು ಚಿಕ್ಕಮ್ಮ. "ಮತ್ತೆ ಎಳಿ."