ಮತ್ಸರದ ಅಳತೆಗೆ ಹೆಣೆದ ಕುಂಚಿಗೆ

ಕಲಬುರಗಿಯಲ್ಲಿ ಕುಳಿತು ಉಲ್ಲನ್ ಹೆಣೆಯುವವರಿಗೆ ಮಾತಿಗೆ ಜನರ ಕೊರತೆ ಎಂದೂ ಬೀಳುವುದಿಲ್ಲ. ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಒಂದು ದಾರದುಂಡೆ, ತಲೆಯ ಮೇಲೆ ಗರಗರ ತಿರುಗುವ ಫ್ಯಾನು ಇಟ್ಟುಕೊಂಡು ವರಾಂಡದಲ್ಲಿ ಕುಳಿತರೆ ಸಾಕು, ಹಾಲಿನವನಿಂದ ಹಿಡಿದು ಕರೆಂಟಿನ ಮೀಟರ್ ಓದುವವನವರೆಗೆ ಎಲ್ಲರೂ ಒಂದು ಗಳಿಗೆ ನಿಂತು, ಪಾಪ, ಬಿಸಿಲು ತಲೆಗೇರಿರಬೇಕು ಎಂಬ ಕನಿಕರದಿಂದ ವಿಚಾರಿಸಿಕೊಂಡು ಹೋಗುತ್ತಾರೆ. "ಯಾರಿಗ್ರೀ ಅಕ್ಕೋರೆ ಈ ಸ್ವೆಟರ್? ಸೂರ್ಯಪ್ಪಗೇನು?" ಎಂದು ಎದುರು ಮನೆಯಾಕೆ ಒಮ್ಮೆ ಕೇಳಿಯೂ ಬಿಟ್ಟಳು. ಸಾಲದೆಂಬಂತೆ ನನಗೆ ಕೇಕ್ ಬೇಯಿಸುವ ಚಟವೂ ಇದೆ. ಏಪ್ರಿಲ್ ತಿಂಗಳಲ್ಲಿ ಊರೇ ಒಂದು ಓವನ್ ಆಗಿರುವಾಗ ಅದರೊಳಗೆ ಇನ್ನೊಂದು ಓವನ್ ಹೊತ್ತಿಸಿ ಕುಳಿತ ನನ್ನನ್ನು ನೋಡಿ ನಮ್ಮ ಮನೆಯವರು, ಹಿಂದಿನ ಋಷಿಗಳು ಪಂಚಾಗ್ನಿಯ ನಡುವೆ ತಪಸ್ಸು ಮಾಡಿದರಂತೆ, ಆರನೆಯ ಅಗ್ನಿಯನ್ನು ಕಂಡುಹಿಡಿದವಳು ನೀನೇ ಎಂದು ಹೇಳಿ, ಎರಡು ತುಂಡು ತಿಂದು, ಹೊರಗೆ ಬೇವಿನ ನೆರಳಿಗೆ ಹೋಗಿ ಕೂರುತ್ತಾರೆ.

ಬಿಸಿಲಿನ ಮಾತು ಹಾಗಿರಲಿ. ನಾನು ಹೇಳಹೊರಟದ್ದು ಏಳನೆಯ ಅಗ್ನಿಯ ಬಗ್ಗೆ. ಕಾಮ, ಕ್ರೋಧ, ಲೋಭ, ಮೋಹ, ಮದಗಳನ್ನೆಲ್ಲ ಮುಂದೆ ಕೂರಿಸಿ ಮಾತ್ಸರ್ಯವನ್ನು ಕೊನೆಯ ಬೆಂಚಿಗೆ ತಳ್ಳಿದ ಹಿರಿಯರ ಮೇಲೆ ನನಗೆ ಗೌರವವಿಲ್ಲದಿಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವಳಾಗಿ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ತರಗತಿಯನ್ನು ಆಳುವುದು ಕೊನೆಯ ಬೆಂಚೇ.

ನನ್ನ ಕಿರಿಯ ತಮ್ಮ ಬಸವರಾಜನಿಗೆ ಮದುವೆಯಾಗಿ ಆರು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತು. ಅವನ ಹೆಂಡತಿ ಸುವರ್ಣಾಳ ತವರು ಕಮಲಾಪುರ. ಬಾಣಂತನ ಅಲ್ಲಿ, ತೊಟ್ಟಿಲ ಕಾರ್ಯವೂ ಅಲ್ಲಿಯೇ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವಾಗ ತೊಡಿಸುವ ಕುಂಚಿಗೆಯನ್ನು, ಎಂದರೆ ತಲೆಗೆ ಟೊಪ್ಪಿಗೆಯಾಗಿ ಬೆನ್ನ ಮೇಲೆ ಇಳಿಬೀಳುವ ಆ ಪುಟ್ಟ ರಾಜಪೋಷಾಕನ್ನು, ಸೋದರತ್ತೆಯೇ ತರಬೇಕು. ಹೆಸರನ್ನೂ ಅವಳೇ ಕಿವಿಯಲ್ಲಿ ಹೇಳಬೇಕು. ಸೋದರತ್ತೆ ನಾನೊಬ್ಬಳೇ. ಎಲ್ಲರೂ ಕಸೂತಿ ಬಟ್ಟೆಯದನ್ನು ಹೊಲಿಸಿ ತರುತ್ತಾರೆ. ನಾನು ಗುಲಾಬಿ ಉಲ್ಲನ್ನಿನಲ್ಲಿ ಹೆಣೆದೇ ಒಯ್ಯುವೆನೆಂದು ಘೋಷಿಸಿದೆ. ಘೋಷಣೆಯ ಮರುದಿನವೇ ಅರ್ಧ ಹೆಣೆದೂ ಮುಗಿಸಿದ್ದೆ.

ದಾರ ಸಾಲದೆ, ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಪೇಟೆಯ ನನ್ನ ಖಾಯಂ ಅಂಗಡಿಗೆ ಹೋದಾಗ ಅಲ್ಲಿಯ ಮುದುಕ ಚಾಚಾ ಕಪಾಟಿನ ತುದಿಯಿಂದ ಒಂದೇ ಒಂದು ಉಂಡೆ ತೆಗೆದುಕೊಟ್ಟ. "ಇದೊಂದೇ ಉಳದದ ನೋಡ್ರಿ ಅಕ್ಕೋರೆ. ಈ ಗರ್ಮಿದಾಗ ಉಲ್ಲನ್ ಕೇಳೋರು ಇಡೀ ಶಹರದಾಗ ನೀವೊಬ್ಬರೇ ಅಂತ ತಿಳಕೊಂಡಿದ್ದೆ. ಮೊನ್ನೆ ಕಮಲಾಪುರದಿಂದ ಒಬ್ಬಾಕಿ ಬಂದು ಇದೇ ರಂಗ್ ಒಯ್ದಾಳ್ರಿ. ಕೂಸಿಗಿ ಕುಂಚಿಗಿ ಅಂತ."

ಕಮಲಾಪುರದಲ್ಲಿ ಉಲ್ಲನ್ ಹೆಣೆಯಬಲ್ಲವಳು ನನಗೆ ತಿಳಿದಂತೆ ಒಬ್ಬಳೇ: ಸುವರ್ಣಾಳ ಅಕ್ಕ ಮಹಾದೇವಿ. ಅವಳಿಗೆ ಹೆಣಿಗೆಯ ಮೊದಲ ಪಾಠ ಹೇಳಿದವಳು, ಬಸವರಾಜನ ಮದುವೆಯ ಗದ್ದಲದಲ್ಲಿ, ನಾನೇ.

ಮರುದಿನ ಭಾನುವಾರ. ಬಾಣಂತಿಯನ್ನು ಮಾತಾಡಿಸುವ ಧರ್ಮಕಾರ್ಯದ ನೆಪದಲ್ಲಿ, ಕಮಲಾಪುರದ ಕೆಂಪು ಬಾಳೆಹಣ್ಣನ್ನೇ ಕಲಬುರಗಿಯಲ್ಲಿ ಕೊಂಡು, ಕಿವುಚಿ, ತೂಗಿ, ಅಳೆದು ಬೇಯಿಸಿದ ಕೇಕನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬೆಟ್ಟಕ್ಕೆ ಕಲ್ಲು ಹೊತ್ತವರ ಸಂತತಿ ನಮ್ಮದು. ಮಹಾದೇವಿ ನನ್ನ ಡಬ್ಬಿಯನ್ನು ಎರಡೂ ಕೈಯಿಂದ ಸ್ವೀಕರಿಸಿ, ಒಳಗಿನಿಂದ ತನ್ನದೊಂದು ತಾಟು ತಂದಿಟ್ಟಳು. ಅದೂ ಬಾಳೆಹಣ್ಣಿನ ಕೇಕೇ. ಓವನ್ ಎಂಬುದನ್ನು ಕಾಣದ ಆ ಮನೆಯಲ್ಲಿ ಹಳೆಯ ಕುಕ್ಕರಿನ ತಳಕ್ಕೆ ಉಸುಕು ಹಾಕಿ ಬೇಯಿಸಿದ್ದು. ಹಿತ್ತಲಲ್ಲಿ ಗೊನೆಯಲ್ಲೇ ಮಾಗಿದ ಹಣ್ಣು. ಬಾಯಿಗಿಟ್ಟೆ. ಪ್ರಿಯ ಓದುಗರೇ, ನಾನು ನಲವತ್ತು ಲೀಟರಿನ ಓವನ್ನಿನ ಒಡತಿ, ಗ್ರಾಮಿನ ಲೆಕ್ಕದ ತಕ್ಕಡಿಯ ಯಜಮಾನಿ. ಆ ತುಂಡು ನನ್ನ ಗಂಟಲಲ್ಲಿ ಇಳಿದದ್ದು ನನ್ನ ಅಪ್ಪಣೆಯಿಲ್ಲದೆ.

"ಹ್ಯಾಂಗಾಗ್ಯದ್ರೀ ಅಕ್ಕಾ?"

"ಸಕ್ಕರಿ ಒಂಚೂರು ಮುಂದಾಗ್ಯದ," ಎಂದೆ. ಆಗಿರಲಿಲ್ಲ.

ಆಮೇಲೆ ಅವಳು ನಾಚುತ್ತ ಕುಂಚಿಗೆಯನ್ನು ತೋರಿಸಿದಳು. ಹೆಣೆಯುವವರಿಗೆ ಒಂದು ದುರಭ್ಯಾಸವುಂಟು. ಇನ್ನೊಬ್ಬರ ಕೆಲಸ ಕೈಗೆ ಬಂದೊಡನೆ ತಿರುವಿ ಹಾಕಿ ಒಳಮೈ ನೋಡುತ್ತೇವೆ, ಏಕೆಂದರೆ ಗಂಟುಗಳೂ ಗುಟ್ಟುಗಳೂ ಇರುವುದು ಅಲ್ಲಿ. ತಿರುವಿದೆ. ಒಂದು ಗಂಟಿಲ್ಲ, ಒಂದು ಜೋತಾಡುವ ಎಳೆಯಿಲ್ಲ. ಯಾವುದು ಒಳಗೆ ಯಾವುದು ಹೊರಗೆ ಎಂದು ತಿಳಿಯದ ಸಾಧುವಿನಂಥ ಹೆಣಿಗೆ. "ಸುಮ್ನ ಮನ್ಯಾಗ ಇರ್ಲಿ ಅಂತ ಮಾಡೀನ್ರಿ. ತೊಟ್ಟಲದಾಗ ನಿಮ್ದೇ ಹಾಕೋದು, ರಿವಾಜ ಅದ ಅಲ್ರೀ," ಎಂದಳು. ರಿವಾಜಿನ ಬಲದಿಂದ ಮಾತ್ರ ನಾನು ಗೆದ್ದಿದ್ದೇನೆ ಎಂಬ ಸಂಗತಿ ಆ ಕ್ಷಣಕ್ಕೆ ಮನಸ್ಸಿಗೆ ನಾಟಿತು. ತೊಟ್ಟಿಲ ದಿನ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡುವ ಹೆಂಗಸರ ಕಣ್ಣುಗಳನ್ನು ನೆನೆದು, ಹಿಂತಿರುಗುವ ದಾರಿಯುದ್ದಕ್ಕೂ ಮೈ ಬೆವರಿತು. ಬಸ್ಸಿನಲ್ಲಿದ್ದವರು ಅದನ್ನು ಬಿಸಿಲೆಂದುಕೊಂಡರು.

ಮನೆಗೆ ಬಂದವಳೇ ನನ್ನ ಅರ್ಧ ಕುಂಚಿಗೆಯನ್ನು ತುದಿಯಿಂದ ಎಳೆದು ಪೂರ್ತಿ ಬಿಚ್ಚಿ, ಮೊದಲಿನಿಂದ ಹೆಣೆಯತೊಡಗಿದೆ. ಹಲ್ಲು ಕಚ್ಚಿ ಹೆಣೆದೆ. ಮಹಾದೇವಿಯ ಕೇಕಿನ ಮೆತ್ತಗಿನ ಮೈ ನೆನಪಾದಾಗಲೆಲ್ಲ ದಾರವನ್ನು ಇನ್ನೊಂದಿಷ್ಟು ಜಗ್ಗಿದೆ. ಕಡ್ಡಿಗಳು ಕುಣಿಕೆಯೊಳಗೆ ನುಗ್ಗಲಾರದೆ ಕಿರುಗುಟ್ಟುತ್ತಿದ್ದವು. ಹೆಣಿಗೆ ಬಲ್ಲವರಿಗೆಲ್ಲ ಗೊತ್ತು, ಮನಸ್ಸು ಬಿಗಿಯಾದರೆ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ಅಂಗಿ ಚಿಕ್ಕದಾಗುತ್ತದೆ. ನನಗೂ ಗೊತ್ತಿತ್ತು, ಆದರೆ ಕುಣಿಕೆಗಳ ಎಣಿಕೆ ಮೊದಲಿನಷ್ಟೇ ಇದೆಯಲ್ಲ ಎಂಬ ಮೇಷ್ಟ್ರಿಕೆಯ ಭರವಸೆಯಲ್ಲಿ ಅಳತೆಪಟ್ಟಿ ಹಿಡಿಯಲೇ ಇಲ್ಲ. ಒಳಮೈಯಲ್ಲಿ ಒಂದು ಗಂಟು ಕಾಣದಂತೆ, ಹಿಂಬದಿಯ ಹೊಲಿಗೆಯ ಕೊನೆಯ ಎಳೆಯನ್ನು ಅರ್ಧ ಗಂಟೆ ಕುಳಿತು ಅಡಗಿಸಿದೆ. ನೋಡಿದರೆ ಅಪ್ಪಟ ಶಿಲ್ಪ.

ತೊಟ್ಟಿಲ ದಿನ ಕಮಲಾಪುರದ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುವರ್ಣಾಳ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ತೊಟ್ಟಿಲ ಪಕ್ಕದಲ್ಲಿ ನ್ಯಾಯಾಧೀಶರಂತೆ ಕುಳಿತಿದ್ದರು. ನಾನು ಕುಂಚಿಗೆಯನ್ನು ಬಿಡಿಸಿ ತೋರಿಸಿದಾಗ ಎದ್ದ ಉದ್ಗಾರ ನನ್ನ ಕಿವಿಗೆ ಹಿತವಾಯಿತು. ಮಹಾದೇವಿ ಅದನ್ನು ಕೈಗೆತ್ತಿಕೊಂಡು ತಿರುವಿ ಒಳಮೈ ನೋಡಿದಳು. ಅವಳ ಹುಬ್ಬು ಮೇಲೇರಿತು. ಅದು ಇನ್ನೂ ಹಿತವಾಯಿತು. ಆಮೇಲೆ ಕೂಸಿನ ತಲೆಗೆ ತೊಡಿಸಹೋದೆ.

ಹೋಗಲಿಲ್ಲ. ಹಣೆಯ ಅರ್ಧಕ್ಕೆ ನಿಂತಿತು. ಇನ್ನೊಂದಿಷ್ಟು ಜಗ್ಗಿದೆ, ಕೂಸು ಕೆಂಪಾಗಿ, ಕಮಲಾಪುರದ ಹಣ್ಣಿನ ಬಣ್ಣಕ್ಕೆ ತಿರುಗಿ, ಕಿರುಚಿಕೊಂಡಿತು. ಯಾರೋ ಹಿಂದಿನಿಂದ, "ಅಳತಿ ತಗೊಂಡಿಲ್ಲೇನ ಅತ್ತಿ?" ಎಂದರು. ಯಾರೋ ನಕ್ಕರು. ಇನ್ಯಾರೋ, "ಮಾದೇವಿದು ಅದ ಅಲ್ಲ, ಅದನ್ನೇ ಹಾಕ್ರಿ, ಹೊತ್ತಾಗ್ಲತ್ತದ," ಎಂದು ತೀರ್ಪು ಕೊಟ್ಟರು. ಅದನ್ನಿಟ್ಟಿದ್ದ ಕಪಾಟು ಮಹಾದೇವಿಯ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿದರೆ ಸಾಕಿತ್ತು. ನಾನು ಅವಳ ಜಾಗದಲ್ಲಿದ್ದರೆ ಕೈಯೊಂದೇ ಏಕೆ, ಕಾಲನ್ನೂ ಚಾಚುತ್ತಿದ್ದೆ.

ಅವಳು ಕೈ ಚಾಚಿದ್ದು ನನ್ನ ಕುಂಚಿಗೆಗೆ. ನಾನು ಅರ್ಧ ಗಂಟೆ ಅಡಗಿಸಿದ್ದ ಎಳೆಯ ತುದಿಯನ್ನು ಒಂದೇ ನೋಟಕ್ಕೆ ಹಿಡಿದು, ಎರಡು ಬೆರಳಲ್ಲಿ ಎಳೆದು, ಹಿಂಬದಿಯ ಹೊಲಿಗೆಯನ್ನು ನೆತ್ತಿಯಿಂದ ಕೆಳಗಿನವರೆಗೆ ಬಿಚ್ಚಿಬಿಟ್ಟಳು. ಕುಂಚಿಗೆ ತಾವರೆಯಂತೆ ತೆರೆದುಕೊಂಡು ಕೂಸಿನ ತಲೆಯ ಮೇಲೆ ಸರಿಯಾಗಿ ಕುಳಿತಿತು. ಗದ್ದದ ಕೆಳಗೆ ಲಾಡಿ ಕಟ್ಟಿದರು. ತೆರೆದ ಬೆನ್ನಿಗೆ ಗಾಳಿಯಾಡಿ ಕೂಸು ಸುಮ್ಮನಾಯಿತು. ಕಣ್ಣು ಮಂಜಾದ ಆಯಿ ತಲೆದೂಗಿ, "ನೋಡ್ರೇ, ಬ್ಯಾಸಿಗ್ಯಾಗ ಕೂಸಿಗಿ ಸೆಕಿ ಆಗಬಾರ್ದಂತ ಹಿಂದ ಬಿಟ್ಟು ಹೆಣದಾಳ. ಕಲತಾಕಿ ಅಂದ್ರ ಇಕಿ," ಎಂದರು. ಪಡಸಾಲೆ ಹೌದೆಂದಿತು. ನಾನು ಮಹಾದೇವಿಯ ಮುಖ ನೋಡಿದೆ. ಅವಳು ಲಾಡಿಯ ಗಂಟು ಸರಿಪಡಿಸುತ್ತಿದ್ದಳು. ನಾನು, ಸತ್ಯವೇ ದೇವರೆಂದು ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು, ವಿನಯದಿಂದ ತಲೆ ತಗ್ಗಿಸಿದೆ.

ಹೆಸರು ಹೇಳುವ ಗಳಿಗೆ ಬಂತು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಮುಷ್ಟಿಯಿಂದ ಗುದ್ದುವುದು ನಮ್ಮಲ್ಲಿಯ ಸಂಪ್ರದಾಯ. ನಗುವಿಗಾಗಿ ಗುದ್ದುವುದು, ಹೂವಿನಂತೆ. "ಕುರ್ರ್... ಸಮೃದ್ಧಿ," ಎಂದೆ. ಹೂವಿನಂಥ ನಾಲ್ಕೈದು ಗುದ್ದು ಬಿದ್ದವು. ಅವುಗಳ ನಡುವೆ ಒಂದು ಮಾತ್ರ, ಗೆಣ್ಣುಗಳನ್ನೆಲ್ಲ ಎಣಿಸಬಹುದಾದಂತೆ, ಎರಡು ತಿಂಗಳ ಭಾರದಿಂದ ಬಂದು ಬೆನ್ನಿನ ನಟ್ಟನಡುವೆ ಕುಳಿತಿತು. ಉಸಿರು ಕಟ್ಟಿ ತಿರುಗಿದೆ. ಮಹಾದೇವಿ.

"ಜೋರ್ ಹತ್ತಿತೇನ್ರೀ ಅಕ್ಕಾ?" ಅವಳ ಮುಖದಲ್ಲಿ ಹಾಲಿನಂಥ ನಗು.

ಆಗ ನನಗೆ ತಿಳಿಯಿತು. ಎರಡು ತಿಂಗಳು ಆ ಕೂಸಿಗೆ ಎರೆದು, ಕಾಡಿಗೆ ಹಚ್ಚಿ, ಎದೆಯ ಮೇಲೆ ಮಲಗಿಸಿಕೊಂಡವಳು ಅವಳು. ಎರಡೇ ಸಲ ಬಸ್ಸಿನಲ್ಲಿ ಬಂದ ನನಗೆ ಹೆಸರಿಡುವ ಹಕ್ಕು. ನಾನು ಅವಳ ಕೈಗೆ ಕರುಬಿದ್ದರೆ ಅವಳು ನನ್ನ ಪದವಿಗೆ ಕರುಬಿದ್ದಳು. ವ್ಯತ್ಯಾಸವಿಷ್ಟೇ, ನಾನು ನನ್ನದನ್ನು ಕೂಸಿನ ತಲೆಗೆ ಬಿಗಿದೆ, ಅವಳು ತನ್ನದನ್ನು ನ್ಯಾಯವಾಗಿ ನನ್ನ ಬೆನ್ನಿಗೇ ಮುಟ್ಟಿಸಿದಳು. ಅಷ್ಟು ಪ್ರಾಮಾಣಿಕವಾದ ಗುದ್ದಿನ ಮುಂದೆ ಸುಳ್ಳು ನಿಲ್ಲಲಾರದು.

"ಆಯಿ," ಎಂದೆ, ಬೆನ್ನು ನೀವಿಕೊಳ್ಳುತ್ತ, "ಹಿಂದ ಬಿಚ್ಚಿದ್ದು ನಾ ಅಲ್ರಿ. ನಾ ಹೆಣದದ್ದು ಸಣ್ಣದಾಗಿತ್ತು. ಮಹಾದೇವಿ ಬಿಚ್ಚಿ ಸರಿ ಮಾಡ್ಯಾಳ."

ಆಯಿ ಮಹಾದೇವಿಯನ್ನು ಹತ್ತಿರ ಕರೆದು ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. ಪಡಸಾಲೆ ಪೂರ್ತಿ ಅವಳತ್ತ ತಿರುಗಿತು. ಒಬ್ಬರು ಅವಳ ಕೇಕಿನ ಸುದ್ದಿ ತೆಗೆದರು, ಇನ್ನೊಬ್ಬರು ಕಪಾಟಿನಿಂದ ಅವಳ ಕುಂಚಿಗೆಯನ್ನೂ ತೆಗೆಸಿದರು. ಸತ್ಯ ಹೇಳಿದ ಪುಣ್ಯ ಒಂದು ನಿಮಿಷವೂ ನನ್ನ ಬಳಿ ಉಳಿಯಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಒಬ್ಬಳೇ ನಿಂತು, ಮಹಾದೇವಿಗೂ ಒಂದು ದಿನ ಸೋದರತ್ತೆಯ ಪದವಿ ಬಂದು ಅವಳು ಹೆಸರಿಡಲು ಬಾಗಿದಾಗ ಗುದ್ದುವ ಗುಂಪಿನಲ್ಲಿ ನಾನು ಎಲ್ಲಿ ನಿಂತರೆ ಕೈ ಚೆನ್ನಾಗಿ ಬೀಸಲು ಬರುತ್ತದೆಂದು ಯೋಚಿಸತೊಡಗಿದೆ.