ಕುರ್ಚಿ ಕಾಲಿನ ಭಾವ

ನಮ್ಮ ಭಾವನ ಕೈಗೆ ಗರಗಸ ಸಿಕ್ಕಿತೆಂದರೆ ಮನೆಯ ಕುರ್ಚಿಗಳಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಕುರ್ಚಿ ಕೊಂಚ ಅಲುಗಾಡಿದರೆ ಸಾಕು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಒಂದು ಕಣ್ಣು ಮುಚ್ಚಿ, “ಈ ಕಾಲು ಕೂದಲೆಳೆಯಷ್ಟು ಉದ್ದ” ಎಂದು ಕೊಯ್ಯುತ್ತಾರೆ. ಮರುಗಳಿಗೆ ಪಕ್ಕದ ಕಾಲು ಉದ್ದವಾಗಿರುತ್ತದೆ, ಅದಕ್ಕೂ ಅದೇ ಗತಿ. ಊಟದ ಕುರ್ಚಿಗಳೆಲ್ಲ ಮೋಟಾಗಿ, ನೆಂಟರ ಗದ್ದ ಈಗ ಮೇಜಿನ ಅಂಚಿಗೆ ಬಡಿಯುತ್ತದೆ. “ಬಡಗಿಗಳಿಗೆ ಕಣ್ಣಳತೆ ಎಲ್ಲಿದೆ ಹೇಳು!” ಎಂದು ಕೊಚ್ಚಿಕೊಳ್ಳುವುದು ಬೇರೆ. ಅಕ್ಕ ಮಾತ್ರ ಅವರು ಕೊಯ್ದಷ್ಟೂ ಎತ್ತರವನ್ನು ಹಳೆ ಬಟ್ಟೆಯ ದಿಂಬು ಹೊಲಿದು ತುಂಬಿಕೊಡುತ್ತಾಳೆ. “ಕುರ್ಚಿ ನೆಟ್ಟಗೇ ಇತ್ತು ಕಣೋ, ನೆಲಾನೇ ಏರುತಗ್ಗು” ಎಂದು ಒಮ್ಮೆ ಪಿಸುಗುಟ್ಟಿದಳು. “ಅದನ್ನ ಭಾವಂಗೆ ಹೇಳಬಾರದಾ?” ಎಂದು ಸಿಡುಕಿದೆ. “ಹೇಗೋ ಹೇಳಲಿ? ಮದುವೆಯಾದ ಹೊಸದರಲ್ಲಿ, ನನಗೇ ಅಂತ, ಅವರೇ ಕೂತು ಹಾಕಿದ ನೆಲ ಅದು.”